ವಾಪಸು ಬಂದ ಹಾಲು

ಡೇರಿಯ ಸೆಕ್ರೆಟರಿ ಮಂಜುನಾಥ ಕ್ಯಾನಿನ ಮುಚ್ಚಳ ತೆಗೆದು ಮೂಗು ಬಗ್ಗಿಸಿದವನೇ ತಟ್ಟನೆ ಹಿಂದೆ ಸರಿದ. ಮೂಸುವುದು ಅವನ ಕೆಲಸ. ಡಿಗ್ರಿ ನೋಡುವ ಕಡ್ಡಿ, ಫ್ಯಾಟು ನೋಡುವ ಮಿಷನ್ನು ಎಲ್ಲ ಆಮೇಲೆ, ಮೊದಲು ಮೂಗು. ಯಾಕೆಂದರೆ ಹಾಲಿನಂಥ ದಡ್ಡ ಪದಾರ್ಥ ಇನ್ನೊಂದಿಲ್ಲ. ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆಯನ್ನು ತನ್ನದು ಮಾಡಿಕೊಂಡುಬಿಡುತ್ತದೆ. ಒಂದು ಮನೆಯ ಕ್ಯಾನು ಕೆಟ್ಟಿದ್ದರೆ ಸಾಕು, ಊರ ಹಾಲೆಲ್ಲ ಹಾಗೇ ವಾಪಸು ಬರುತ್ತದೆ.

"ಪಾರ್ವತಕ್ಕ, ಏನಕ್ಕ ಇದು? ಕೆಂದಿಗೇನು ಪೇಂಟ್ ಒಡ್ಸಿದ್ದೀಯಾ?"

ಸಾಲಿನಲ್ಲಿ ನಿಂತವರು ಗೊಳ್ಳೆಂದರು. ಪಾರ್ವತಮ್ಮ ಕೆಂಪಾದಳು. ಕೆಂದಿ ಅವಳ ಹಸು, ತವರಿನವರು ಕಿಕ್ಕೇರಿಯಿಂದ ಹೊಡೆದುಕೊಂಡು ಬಂದು ಕೊಟ್ಟಿದ್ದು. ಅದರ ಹಾಲಿಗೆ ಈ ಊರಲ್ಲಿ ಯಾರೂ ಹೆಸರಿಟ್ಟಿರಲಿಲ್ಲ.

"ಮಗಳ ಮದ್ವೆಗೆ ಸುಣ್ಣಬಣ್ಣ ಸುರು ಮಾಡವ್ಳೆ ಕಣೋ ಮಂಜ," ಹಿಂದಿನಿಂದ ಚಿಕ್ಕಬೋರಮ್ಮನ ದನಿ ಬಂತು. "ಗ್ವಾಡೆಗೆ ಒಡ್ಯಾದ್ ಬುಟ್ಟು ಕೆಚ್ಚಲಿಗೆ ಒಡ್ದವ್ಳೆ."

"ನಿಂದು ಮೊನ್ನೆ ವಾಪಸ್ ಬಂದಿದ್ದು ಮರ್ತೋಯ್ತಾ, ಚಿಕ್ಕಬೋರಕ್ಕ?"

"ನಂದು ಕ್ಯಾನು ಅಳೇದಾಗಿತ್ತು ಕಣಮ್ಮಿ. ಒಸದು ತಂದೆ, ಸರ್ಯೋಯ್ತು. ನಿಂದೇನ್ ರ್ವಾಗ?"

ಪಾರ್ವತಮ್ಮ ಮುಚ್ಚಳ ಒತ್ತಿ ಮುಚ್ಚಿ, ಸೆರಗು ಎಳೆದುಕೊಂಡು ಮನೆ ದಾರಿ ಹಿಡಿದಳು. ವಾಪಸು ಬಂದ ಹಾಲು ಹೊತ್ತು ಬೀದಿಯಲ್ಲಿ ನಡೆಯುವುದೆಂದರೆ ಏನೆಂದು ಹೊತ್ತವರಿಗೇ ಗೊತ್ತು. ಜಗಲಿ ಜಗಲಿಯಿಂದ ಕಣ್ಣು ಕ್ಯಾನಿನ ಮೇಲೆ ಬೀಳುತ್ತದೆ.

ಕ್ಯಾನನ್ನು ಅವಳು ತೊಳೆದ ತೊಳೆತ ಒಂದೆರಡಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದಳು, ಬೂದಿ ಹಾಕಿ ಉಜ್ಜಿದಳು, ಕುದಿಯುವ ನೀರು ಹೊಯ್ದು ಬಿಸಿಲಿಗಿಟ್ಟಳು. ಒಂದು ದಿನ ಹಾಲು ಚೊಕ್ಕವಾಗಿರುತ್ತಿತ್ತು, ಮರುದಿನ ಅದೇ ವಾಸನೆ. ಗಂಡ ನಿಂಗರಾಜು ಹಿಂಡಿಯ ಮೇಲೆ ಅನುಮಾನಪಟ್ಟು ಹಿಂಡಿ ಬದಲಾಯಿಸಿದ. ಪಾಂಡವಪುರದಿಂದ ಬಂದ ದನದ ಡಾಕ್ಟರು ಕೆಂದಿಯ ಕೆಚ್ಚಲು ಹಿಡಿದು, ನಾಲಿಗೆ ಎಳೆದು ನೋಡಿ, "ಅಸ ಚೆಂದಾಗದೆ. ನಿಮ್ಗೇ ಏನೋ ಆಗಿರ್ಬೇಕು" ಎಂದು ನಕ್ಕು ಹೋದರು. ಆ ಮಾತನ್ನು ಅಲ್ಲೇ ಹಿಡಿದುಕೊಂಡಿದ್ದರೆ ಎಷ್ಟೋ ಉಳಿಯುತ್ತಿತ್ತು. ಆದರೆ ಡಾಕ್ಟರ ತಮಾಷೆಯನ್ನು ಯಾರು ಔಷಧಿ ಅಂದುಕೊಳ್ಳುತ್ತಾರೆ?

ನಾಗಮಂಗಲದ ಕಡೆಯ ಮಂತ್ರವಾದಿ ಮಂಚಯ್ಯನನ್ನು ಕರೆಸಿದರು. ಅವನು ಕೊಟ್ಟಿಗೆಯ ತುಂಬ ಬೇವಿನ ಹೊಗೆ ಹಾಕಿ, ಕೆಂದಿಯ ಕೊಂಬಿಗೆ ಕಪ್ಪುದಾರ ಕಟ್ಟಿ, ಕಣ್ಣು ಮುಚ್ಚಿಕೊಂಡೇ ಹೇಳಿದ: "ಎಣ್ಣು ಕಣ್ಣು ಕಣವ್ವ. ಬಡಗಲಿಂದ ಬಿದ್ದದೆ." ಬಡಗಲಿಗಿರುವುದು ಚಿಕ್ಕಬೋರಮ್ಮನ ಮನೆ. ಅವತ್ತಿನಿಂದ ಎರಡು ಮನೆಯ ನಡುವೆ ಬೆಂಕಿ, ಬಟ್ಟಲು, ಮಾತು ಎಲ್ಲ ನಿಂತಿತು.

ಈ ಗಲಾಟೆಯಲ್ಲಿ ಮಗಳ ಕಡೆ ನೋಡುವವರು ಯಾರು?

ಸಹನ ಪಾಂಡವಪುರದ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ. ಒಬ್ಬಳೇ ಮಗಳು, ಓದುವ ಹುಡುಗಿ. ಡೇರಿಯ ಕ್ಯಾನು ಬೆಳಗಿ ಕೊಟ್ಟಿಗೆಯ ಕಲ್ಲಿನ ಮೇಲೆ ಬೋರಲು ಹಾಕುವುದು ಚಿಕ್ಕಂದಿನಿಂದ ಅವಳ ಪಾಲಿನ ಕೆಲಸ. ಈಚೆಗೆ ಅವಳು ಊಟಕ್ಕೆ ಕೂತರೆ ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದಳು. ತಲೆನೋವು ಎನ್ನುತ್ತಿದ್ದಳು. ಕೆಲವು ಸಂಜೆ ಸುಮ್ಮಸುಮ್ಮನೆ ನಗು, ಆಮೇಲೆ ಮುಟ್ಟಿದರೆ ಸಿಡುಕು. ಒಮ್ಮೆ ಹೊಸಿಲು ದಾಟುವಾಗ ಕಾಲಿಗೆ ಹೊಸಿಲೇ ಸಿಗದವಳ ಹಾಗೆ ತೂರಾಡಿ ಬಾಗಿಲು ಹಿಡಿದು ನಿಂತಳು. ಮೂಗಿನ ಕೆಳಗೆ, ತುಟಿಯ ಅಂಚಿಗೆ ಕೆಂಪಗೆ ಗುಳ್ಳೆ ಎದ್ದಿದ್ದವು. "ಉಷ್ಣ ಕಣವ್ವ, ಹೇಮಂಗೂ ಅಂಗೇ ಆಗದೆ," ಎಂದಿದ್ದಳು. ಹೇಮ ಎಂದರೆ ಹೇಮಶ್ರೀ, ಚಿಕ್ಕಬೋರಮ್ಮನ ಮೊಮ್ಮಗಳು. ಹಿರಿಯರು ಮಾತು ಬಿಟ್ಟರೂ ಹುಡುಗಿಯರಿಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದರು.

ಪಾರ್ವತಮ್ಮ ಮೆಂತ್ಯ ನೆನೆಹಾಕಿ ಕೊಟ್ಟಳು. ಬಾಯಿ ಮೂಸಿ ನೋಡಿದಳು. ಹೆಂಡದ ವಾಸನೆಯಿಲ್ಲ. ಬ್ಯಾಗು ತಡಕಿದಳು. ಪುಸ್ತಕ, ಬಾಚಣಿಗೆ, ಪೇಂಟಿನ ಬ್ರಶ್ಶು.

ನಿಂಗರಾಜು ಬೇರೆಯೇ ಲೆಕ್ಕ ಹಾಕಿದ್ದ. "ಯಾವನೋ ಅವ್ನೆ. ಈ ವಯಸ್ಸಲ್ಲಿ ಎಣ್ ಮಕ್ಳಿಗೆ ಇನ್ನೇನ್ ರ್ವಾಗ ಬತ್ತದೆ?" ಎಂದು ಅವಳ ಫೋನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ. ಫೋನಿನಲ್ಲಿ ಯಾವನೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಫೋಟೋ: ಮಾದಕ ವಸ್ತು ವಿರೋಧಿ ಜಾಥಾದಲ್ಲಿ ಸಹನ, ಹೇಮಶ್ರೀ ಬೋರ್ಡು ಹಿಡಿದು ನಿಂತಿದ್ದಾರೆ. 'ನಶೆ ಬಿಡಿ, ನಾಡು ಕಟ್ಟಿ.' ಆ ಫೋಟೋವನ್ನು ನಿಂಗರಾಜುವೇ ಹಿಂದೆ ಸ್ಟೇಟಸ್ಸಿಗೆ ಹಾಕಿಕೊಂಡು ಊರಿಗೆಲ್ಲ ತೋರಿಸಿದ್ದ.

ಹೀಗೆ ಪಾರ್ವತಮ್ಮನ ಎದೆಯಲ್ಲಿ ಎರಡು ದುಃಖ ಬೇರೆಬೇರೆ ಮೂಲೆಯಲ್ಲಿ ಕೂತಿದ್ದವು. ಒಂದು ಹಾಲಿನದು, ಒಂದು ಮಗಳದು. ಒಂದಕ್ಕೊಂದು ಪರಿಚಯವಿರಲಿಲ್ಲ.

ಆಶಾ ಕಾರ್ಯಕರ್ತೆ ಸ್ನೇಹ ಪಕ್ಕದ ಬೀದಿಯ ಬಾಣಂತಿಯನ್ನು ನೋಡಿಕೊಂಡು ನೀರು ಕೇಳಲು ಬಂದದ್ದು ಅದೇ ವಾರ. ಸಹನ ಲೋಟ ತಂದುಕೊಟ್ಟು ಒಳಗೆ ಹೋದಳು. ಸ್ನೇಹ ನೀರು ಕುಡಿಯದೆ ಅವಳು ಹೋದ ದಿಕ್ಕನ್ನೇ ನೋಡಿದಳು.

"ಅಕ್ಕ, ಮಗೀಗೆ ಮೂಗಿನ್ ಕೆಳಗೆ ಅದು ಯಾವಾಗಿಂದ?"

"ಉಷ್ಣ ಕಣವ್ವ."

"ಪೇಂಟು, ಥಿನ್ನರು, ಪಂಚರ್ ಹಾಕೋ ಸಲೂಷನ್ನು... ಮನೇಲಿ ಅಂಥದೇನಾರ ಇಟ್ಟಿದ್ದೀರಾ?"

"ಅದ್ಯಾಕೆ? ನಮ್ಮನೇಲಿ ಪೇಂಟ್ ಒಡೆದು ಯಾವ ಕಾಲ ಆಯ್ತು."

ಸ್ನೇಹ ದನಿ ತಗ್ಗಿಸಿದಳು. "ಅದನ್ನ ಮೂಸ್ತಾವ್ರೆ ಅಕ್ಕ, ಮಕ್ಕಳು. ಬಟ್ಟೆಗಾಕಿ ಮೂಸ್ತಾರೆ. ಅಮಲು ಬತ್ತದೆ."

ಪಾರ್ವತಮ್ಮ ಅರ್ಥವಾಗದೆ ನೋಡಿದಳು. ಕುಡಿಯುವುದು ಗೊತ್ತು. ಸೇದುವುದು ಗೊತ್ತು. ಮೂಸುವುದೆಂದರೇನು? ಹೂವನ್ನು ಮೂಸುತ್ತೇವೆ, ಹಾಲನ್ನು ಮೂಸುತ್ತೇವೆ. ಮೂಸಿದ್ದು ಹೊಟ್ಟೆಗೆ ಹೋಗುತ್ತದೆಯೇ? "ಮೂಸುದ್ರೆ ಏನಾದದು ಬುಡವ್ವ," ಎಂದಳು. "ಅದೂ ಎಣ್ ಮಕ್ಳು!"

"ಎಲ್ರೂ ಗಂಡ್ ಮಕ್ಳ ಜೇಬು ತಡಕ್ತಾವ್ರೆ ಅಕ್ಕ. ಎಣ್ ಮಕ್ಳನ್ನ ಯಾರ್ ಕೇಳ್ತಾರೆ?" ಸ್ನೇಹ ಲೋಟ ಕೆಳಗಿಟ್ಟಳು. "ನಿಮ್ ತವರಿನ ಕಡೆ ಪುಟ್ಟರಾಜು ಅನ್ನೋರ ಮಗ ತೀರೋದ್ನಲ್ಲ?"

ಪಾರ್ವತಮ್ಮ ಆ ಸಾವಿಗೆ ಹೋಗಿ ಬಂದಿದ್ದಳು. ಗುಂಡುಕಲ್ಲಿನಂಥ ಹುಡುಗ. ಅಪ್ಪ ಕೋಲು ಹಿಡಿದು ಅಟ್ಟಿಸಿಕೊಂಡು ಹೋದಾಗ ಓಡಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ದೊಪ್ಪನೆ ಬಿದ್ದವನು ಏಳಲಿಲ್ಲ. ಕೋಲು ಮೈಗೆ ಸೋಕಿಯೂ ಇರಲಿಲ್ಲ. ಈ ವಯಸ್ಸಿಗೇ ಹಾರ್ಟ್ ಅಟ್ಯಾಕಾ ಎಂದು ಊರು ಬಾಯಿ ಬಾಯಿ ಬಿಟ್ಟಿತ್ತು.

"ಅವ್ನು ಇದ್ನೇ ಮೂಸಿದ್ದ. ಟ್ರೈನಿಂಗಲ್ಲಿ ಡಾಕ್ಟ್ರು ಯೋಳುದ್ರು. ಇದು ಒಳಿಕ್ಕೋದ್ರೆ ಎದೆ ಬಡಿತ ದಾರಿ ತಪ್ಪಕ್ಕೆ ರೆಡಿಯಾಗಿರ್ತದಂತೆ. ಆ ಒತ್ನಲ್ಲಿ ಗಾಬ್ರಿಯಾದ್ರೆ, ಓಡುದ್ರೆ, ನಿಂತೋಗ್ಬೋದಂತೆ. ಮೊದಲ್ನೇ ಸಲ ಮೂಸಿದೋರಿಗೂ ಆಗ್ಬೋದಂತೆ. ಅಂಗೇನಾರ ಕಂಡ್ರೆ ಕೂಗ್ಬೇಡಿ, ಒಡೀಬೇಡಿ, ಅಟ್ಟುಸ್ಕೊಂಡ್ ಓಗ್ಬೇಡಿ. ಬಾಗ್ಲು ತೆಗ್ದು ಗಾಳಿ ಬುಡಿ. ನಂಗೆ ಯೋಳ್ಕಳ್ಸಿ."

"ಅಂಥ ಇಸಾನ ಅಂಗ್ಡೀಲಿ ಎಂಗೆ ಮಾರ್ತಾರೆ?"

"ನಾನೂ ಕೇಳ್ದೆ. ಬಣ್ಣಕ್ಕಾಕೋದು ಕಣಮ್ಮ, ಗಾಂಜಾ ಅಲ್ಲ, ಅಂದ ಅಂಗಡಿಯವ್ನು. ಪೊಲೀಸ್ರೂ ಅದೇ ಅಂದ್ರು. ಪೇಂಟ್ ಡಬ್ಬದ್ ಮ್ಯಾಲೆ ಏನಂತ ಕೇಸಾಕದು ಅಂತ ನಕ್ರು."

ಸ್ನೇಹ ಹೋದ ಮೇಲೂ ಪಾರ್ವತಮ್ಮ ಜಗಲಿಯಲ್ಲೇ ಕೂತಿದ್ದಳು. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವುದು ವಿಷ ಹೇಗಾದೀತು? ವಿಷವಾಗಿದ್ದರೆ ಮಾರುವವನನ್ನು ಹಿಡಿಯದೆ ಜಾಥಾ ಯಾಕೆ ಮಾಡುತ್ತಾರೆ? ಹೆದರಿಸದೆ, ಹೊಡೆಯದೆ ಮಕ್ಕಳನ್ನು ತಿದ್ದುವುದು ಹೇಗೆ? ತನ್ನನ್ನು ಹಾಗೆ ಯಾರೂ ಬೆಳೆಸಿರಲಿಲ್ಲ. ಅವಳ ತಲೆ ನೀರಿಗೆ ಬಿದ್ದ ಬೆಲ್ಲದಂತೆ ಕದಡಿಹೋಯಿತು.

ಸಂಜೆ ಹಾಲು ಕರೆಯುವ ಹೊತ್ತಾಯಿತು. ಕೊಟ್ಟಿಗೆಯ ಬಾಗಿಲು ಒಳಗಿನಿಂದ ಮುಂದಕ್ಕೆ ಹಾಕಿತ್ತು. ತಳ್ಳಿದಳು. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ಮೂಗಿಗೆ ಬಂತು. ಡೇರಿಯಲ್ಲಿ ಮಂಜುನಾಥನನ್ನು ಹಿಂದಕ್ಕೆ ದೂಡಿದ ವಾಸನೆ. ಸಿಹಿಯಾದ, ಮೂಗು ಸುಡುವ ವಾಸನೆ. ಕಲ್ಲಿನ ಮೇಲೆ ಬೋರಲು ಹಾಕಿದ್ದ ಕ್ಯಾನು ಎತ್ತಿದಳು. ಕೆಳಗೆ ಒದ್ದೆ ಬಟ್ಟೆಯ ಉಂಡೆ, ಅದರ ನಡುವೆ ಒಂದು ಪುಟ್ಟ ಬಾಟಲು. ತೊಳೆದು ಬೋರಲು ಹಾಕಿದ ಕ್ಯಾನನ್ನು ಕರೆಯುವ ಹೊತ್ತಿನವರೆಗೆ ಯಾರೂ ಎತ್ತುವುದಿಲ್ಲ. ಈ ಮನೆಯಲ್ಲಿ ಬಚ್ಚಿಡಲು ಅದಕ್ಕಿಂತ ಭದ್ರವಾದ ಜಾಗವಿರಲಿಲ್ಲ.

ಅವಳು ತನ್ನನ್ನೇ ಬಚ್ಚಿಟ್ಟುಕೊಳ್ಳಲೂ ಬೇರೆ ಜಾಗವಿರಲಿಲ್ಲ. ನಡುಮನೆಯಲ್ಲಿ ಟಿವಿ, ಜಗಲಿಯಲ್ಲಿ ಅಪ್ಪ, ಕೋಣೆಯಲ್ಲಿ ರಾಗಿ ಮೂಟೆ, ಬಚ್ಚಲಿಗೆ ಅಗುಳಿಯಿಲ್ಲ. ಬೆಳೆದ ಹೆಣ್ಣುಮಗಳು ಬಾಗಿಲು ಮುಂದೆ ಹಾಕಿಕೊಂಡು ಕೂರಬಹುದಾದ ಜಾಗವೆಂದರೆ ದನ ಕಟ್ಟುವ ಜಾಗ.

ಎರಡು ದುಃಖವೂ ಎದ್ದು ಬಂದು ಒಂದರ ಮುಖ ಒಂದು ನೋಡಿದವು.

ಸಹನ ಹುಲ್ಲಿನ ಮೆದೆಗೆ ಒರಗಿ ಕೂತಿದ್ದಳು. ವೇಲಿನ ತುದಿ ಮೂಗಿನ ಮೇಲೆ. ಕಣ್ಣು ತೆರೆದಿದ್ದವು, ನೋಟ ಇಲ್ಲಿರಲಿಲ್ಲ.

"ಅವ್ವ," ಎಂದಳು. ನಾಲಿಗೆ ದಪ್ಪಗಾಗಿತ್ತು. "ಗ್ವಾಡೆ ಉಸ್ರಾಡ್ತಾ ಅದೆ ನೋಡು."

ಪಾರ್ವತಮ್ಮನ ಗಂಟಲಿಗೆ ಚೀರು ಬಂದು ನಿಂತಿತು. ಊಟಕ್ಕೆ ಕರೆಯುವುದನ್ನೂ ಕೂಗಿಯೇ ಕರೆಯುವ ಊರು ಅದು. ಸಾವಿಗೂ ಕೂಗು, ಸಂತೋಷಕ್ಕೂ ಕೂಗು. ಇನ್ನೇನು ಬಾಯಿ ಬಿಡಬೇಕು, ಪುಟ್ಟರಾಜುವಿನ ಮಗ ಬದುವಿನ ಮೇಲೆ ಬಿದ್ದದ್ದು ಕಣ್ಣಿಗೆ ಕಟ್ಟಿತು. ಕೂಗನ್ನು ಹಾಗೇ ನುಂಗಿದಳು.

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. "ಎಲ್ಲವ್ಳೆ ಆ ಲೌಡಿ?" ನಿಂಗರಾಜುವಿನ ದನಿ ಬೀದಿಗೆಲ್ಲ ಕೇಳುವಂತಿತ್ತು. "ಪೇಂಟಂಗಡಿ ಮುಂದೆ ಯಾವನ ಜೊತೇಲೋ ನಿಂತಿದ್ಲಂತೆ! ಬಸ್‌ಸ್ಟ್ಯಾಂಡಲ್ಲಿ ನಾಕ್ ಜನ ನನ್ ಮೊಕಕ್ಕೆ ಉಗುದ್ರು! ಇವತ್ತು ಕಾಲ್ ಮುರ್ದಾಕ್ಬುಡ್ತೀನಿ..."

ಹುಲ್ಲಿನ ಮೇಲಿದ್ದ ಹುಡುಗಿಯ ಮೈ ಒಮ್ಮೆ ಅದುರಿತು. ಎದ್ದು ಓಡುವವಳ ಹಾಗೆ ಕೈ ನೆಲಕ್ಕೂರಿದಳು.

"ಕೂತ್ಕೊ ನನ್ ಕಂದ. ಯಾರೂ ಇಲ್ಲ. ಕೂತ್ಕೊ," ಎಂದು ಪಿಸುಗುಟ್ಟಿ ಪಾರ್ವತಮ್ಮ ಬಾಗಿಲಿಗೆ ಬಂದಳು. ಕೋಲು ಎತ್ತಿಕೊಂಡು ನುಗ್ಗುತ್ತಿದ್ದ ಗಂಡನ ಬಾಯಿಯ ಮೇಲೆ ತನ್ನ ಅಂಗೈ ಒತ್ತಿದಳು. ಮದುವೆಯಾದಾಗಿನಿಂದ ಅವನ ಮಾತಿಗೆ ಎದುರಾಡದವಳು.

"ಕೂಗ್ಬೇಡಿ. ಕೂಗುದ್ರೆ ಸತ್ತೋಯ್ತಳೆ."

ಅವನ ಕಣ್ಣು ಅವಳ ಅಂಗೈಯ ಮೇಲಿನಿಂದ ಒಳಗೆ ನೋಡಿದವು. ಕೈ ತೆಗೆದಾಗ ದನಿ ತಾನಾಗಿ ತಗ್ಗಿತ್ತು.

"ಕುಡ್ದವ್ಳಾ?"

"ಇಲ್ಲ."

"ಮತ್ತೆ ಏನಾಗದೆ?"

"ನಂಗೂ ಸರ್ಯಾಗಿ ಗೊತ್ತಿಲ್ಲ. ಪುಟ್ಟರಾಜಣ್ಣನ ಮಗ ಇಂಗೇ ಓದ್ನಂತೆ. ಕೋಲ್ ಕೆಳಗಾಕಿ. ಸ್ನೇಹನ ಕರ್ಕೊಂಡ್ ಬನ್ನಿ. ಗಾಡಿ ತಳ್ಕೊಂಡೋಗಿ, ಇಲ್ ಸ್ಟಾರ್ಟ್ ಮಾಡ್ಬೇಡಿ."

ಕಾಲು ಮುರಿಯಲು ಬಂದವನು ಕೋಲನ್ನು ಮಲಗಿದ ಮಗುವನ್ನು ಇಳಿಸುವ ಹಾಗೆ ನೆಲಕ್ಕಿಟ್ಟ. ಬೈಕನ್ನು ಬೀದಿಯ ಕೊನೆಯವರೆಗೆ ತಳ್ಳಿಕೊಂಡೇ ಹೋದ.

ಪಾರ್ವತಮ್ಮ ಹಿತ್ತಲ ಬಾಗಿಲು ತೆಗೆದಳು. ಬಟ್ಟೆ, ಬಾಟಲು ಹೊರಗೆ ಹಾಕಿದಳು. ವೇಲನ್ನು ಮಗಳ ಮುಖದಿಂದ ಮೆಲ್ಲಗೆ, ಹಾಲಿನ ಕೆನೆ ತೆಗೆಯುವ ಹಾಗೆ ತೆಗೆದು, ಮಗ್ಗುಲಿಗೆ ಒರಗಿಸಿದಳು. ಆಗ ಕೆಂದಿ ಕಾಲು ಬದಲಿಸಿತು. ಕೆಚ್ಚಲು ಬಿಗಿದಿತ್ತು. ಹೊತ್ತು ಮೀರಿದರೆ ಕೊಟ್ಟಿಗೆ ಬಿರಿಯುವಂತೆ ಅರಚುವ ಹಸು ಅದು. ಇವಳು ಮಗಳನ್ನು ಹಿಡಿದುಕೊಳ್ಳಬೇಕೋ, ಹಸುವನ್ನು ಕರೆಯಬೇಕೋ? ಕೊನೆಗೆ ಮಗಳು ಕಣ್ಣಿಗೆ ಕಾಣುವ ಹಾಗೆ ಕುಕ್ಕರಗಾಲಲ್ಲಿ ಕೂತು ಅದೇ ಕ್ಯಾನಿಗೆ ಹಾಲು ಕರೆಯತೊಡಗಿದಳು. ಸರ್, ಸರ್. ಮನಸ್ಸಿಗೆ ಬಂದ ದೇವರಿಗೆಲ್ಲ ಹರಕೆ ಹೊರುತ್ತ, ಬಾಯಿ ಮಾತ್ರ ಬಿಗಿ ಹಿಡಿದು. ಮಗಳ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಒಮ್ಮೆ ಏಳಲು ತಡವಾಯಿತು. ಪಾರ್ವತಮ್ಮನ ಕೈ ನಿಂತಿತು. ಮತ್ತೆ ಎದ್ದಿತು.

ಸ್ನೇಹ ಬರುವ ಹೊತ್ತಿಗೆ ಸಹನ ವಾಂತಿ ಮಾಡಿ ಅಳುತ್ತಿದ್ದಳು. ಸ್ನೇಹ ಫೋನಿನಲ್ಲಿ ಡಾಕ್ಟರಿಗೆ ಹೇಳಿದಳು. ಮಾತಾಡುತ್ತಿದ್ದಾಳೆ, ಗುರುತು ಹಿಡಿಯುತ್ತಿದ್ದಾಳೆ ಎಂದಳು. ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ, ಸ್ವಲ್ಪ ವ್ಯತ್ಯಾಸವಾದರೂ ಆ ಕ್ಷಣ ಹೊರಡಿ, ಇಲ್ಲದಿದ್ದರೆ ಬೆಳಿಗ್ಗೆ ಶ್ರೀರಂಗಪಟ್ಟಣದ ಆಸ್ಪತ್ರೆಗೆ ಕರೆತನ್ನಿ ಎಂಬ ಉತ್ತರ ಬಂತು.

"ಯಾರು ಕಲ್ಸಿದ್ರು ಮಗ?" ಪಾರ್ವತಮ್ಮ ಕೇಳಿದಳು.

"ಯಾರೂ ಇಲ್ಲ ಅವ್ವ. ಜಾಥಾಕ್ಕೆ ಬೋರ್ಡ್ ಬರ್ಯಕ್ಕೆ ನನ್ನೂ ಹೇಮನ್ನೂ ಕಾಲೇಜ್ ಸ್ಟೋರ್ ರೂಮಲ್ ಕೂರ್ಸಿದ್ರು. ಕಿಟ್ಕಿ ಇರ್ಲಿಲ್ಲ. ಬ್ರಶ್ ತೊಳ್ಯಕ್ಕೆ ಥಿನ್ನರ್ ಕೊಟ್ರು. ತಲೆ ಗಿರ್ ಅಂತು. ನಗು ಬಂತು. ತಲೇಲಿ ಗದ್ಲ ನಿಂತೋಯ್ತು."

"ಏನ್ ಗದ್ಲ?"

"ಎಲ್ರುದೂ. ಪರ್ಸೆಂಟೇಜು, ಮದ್ವೆ, ಫೋನು... ಈಗ ಬುಟ್ಟಿರಕ್ಕೆ ಆಯ್ತಿಲ್ಲ ಅವ್ವ. ಬುಡ್ತೀನಿ ಅಂತ್ಲೇ ದಿನಾ ಓಯ್ತೀನಿ. ಓದಿದ್ದು ನೆಪ್ಪಿರಲ್ಲ. ಕೈ ನಡುಗ್ತದೆ."

ನಿಂಗರಾಜು ತನ್ನ ಫೋನು ತೆಗೆದು ಆ ಫೋಟೋ ನೋಡಿದ. 'ನಶೆ ಬಿಡಿ.' ಅಕ್ಷರ ದುಂಡಗಿದ್ದವು. ಎಷ್ಟು ಶ್ರದ್ಧೆಯಿಂದ ಬರೆದಿದ್ದವು ಮಕ್ಕಳು! ಬರೆಸಿದವರು ಮೈಕಿನಲ್ಲಿ ಭಾಷಣ ಮಾಡಿ, ಹಾರ ಹಾಕಿಸಿಕೊಂಡು, ಉಳಿದ ಥಿನ್ನರನ್ನು ಮಕ್ಕಳ ಕೈಯಲ್ಲೇ ಬಿಟ್ಟು ಹೋಗಿದ್ದರು.

"ಯಾರ್ಗೂ ಬಾಯ್ ಬುಡ್ಬೇಡ," ಎಂದ ಅವನು, ಬೆಳಕು ಹರಿಯುವಾಗ. "ನಾಳೆ ಒಬ್ಬನ ಕೈಗೆ ಕೊಡ್ಬೇಕಾದ ಎಣ್ಣು. ಆಸ್ಪತ್ರೆಗೆ ಯಾಕೆ ಅಂದ್ರೆ ಹೊಟ್ಟೆನೋವು ಅನ್ನಾನ."

ಅವನು ಹೇಳುವುದರಲ್ಲಿ ತಪ್ಪೇನಿದೆ? ಊರ ಬಾಯಿ ಪಾರ್ವತಮ್ಮನಿಗೂ ಗೊತ್ತು. ಆದರೆ ಬಡಗಲ ಮನೆಯ ಕೊಟ್ಟಿಗೆಗೂ ಒಂದು ಬಾಗಿಲಿದೆ. ಅಲ್ಲೊಬ್ಬ ಹುಡುಗಿಗೆ ತುಟಿಯ ಅಂಚಿಗೆ ಗುಳ್ಳೆ ಎದ್ದಿದೆ. ಚಿಕ್ಕಬೋರಮ್ಮನ ಮಗ ನಿಂಗರಾಜುಗಿಂತ ಮುಂಗೋಪಿ. ಅವನ ಬಾಯಿಗೆ ಅಂಗೈ ಒತ್ತುವವರು ಯಾರು? ಹೇಮಳ ಹೆಸರು ಹೇಳಿದರೆ ಅವಳನ್ನು ಹೊಡೆದು ಕೊಂದಾರು. ಹೇಳದಿದ್ದರೆ ತಿಳಿಯದೆ ಕೊಂದಾರು. ಯಾವ ಕಡೆ ತಿರುಗಿದರೂ ದಾರಿ ಕಾಣಲಿಲ್ಲ.

ಶ್ರೀರಂಗಪಟ್ಟಣಕ್ಕೆ ಹೊರಡುವ ಮುಂಚೆ ಹಾಲು ಕರೆದಳು. ಚೊಕ್ಕ ಪಾತ್ರೆಗಳಿದ್ದವು. ಕೈ ಹೋದದ್ದು ಅದೇ ಕ್ಯಾನಿಗೆ.

ಡೇರಿಯಲ್ಲಿ ಮಂಜುನಾಥ ಮುಚ್ಚಳ ತೆಗೆದ, ಹಿಂದೆ ಸರಿದ. "ಅಕ್ಕೋ, ಮತ್ತೆ ಅದೇ ಅಲ್ವಾ? ಮಂಚಯ್ಯನ ದಾರಕ್ಕೂ ಜಗ್ಗಲಿಲ್ವಾ ನಿಮ್ ದೆವ್ವ?"

ನಗು ಎದ್ದಿತು. ಪಾರ್ವತಮ್ಮ ಕ್ಯಾನು ವಾಪಸು ತೆಗೆದುಕೊಳ್ಳಲಿಲ್ಲ.

"ದೆವ್ವ ಅಲ್ಲ ಮಂಜಣ್ಣ, ಥಿನ್ನರು. ಬಣ್ಣಕ್ಕಾಕದು. ನನ್ ಮಗಳು ಮೂಸ್ತಾವ್ಳೆ." ಕ್ಯಾನಿನ ಕಡೆ ಬೆರಳು ತೋರಿಸಿದಳು. "ಕ್ಯಾನ್ ಕೆಳಗೆ ಬಟ್ಟೆ ಬಚ್ಚಿಟ್ಟಿದ್ಲು, ಅದು ಆಲಿಗಿಡ್ಕೊಂಡದೆ. ನಿನ್ನೆ ಸಂಜೆ ಸಾಯಾದ್ರಲ್ಲಿ ಉಳುದ್ಲು. ನಾನು ನಿಮ್ಮಂಗೇ ಅಸೀಗೆ ದಾರ ಕಟ್ಟುಸ್ಕೊಂಡ್ ಕೂತಿದ್ದೆ."

ಯಾರೋ ಹಿಂದೆ "ಅಯ್ಯಯ್ಯೋ, ಎಣ್ ಮಗ ಅಂತೀನಿ" ಎಂದರು.

"ಎಣ್ ಮಗ್ವೇ. ಇವತ್ತು ಆಸ್ಪತ್ರೆಗೆ ಕರ್ಕೊಂಡೋಯ್ತಾ ಇವ್ನಿ. ಬುಡ್ತಾಳೋ ಇಲ್ವೋ ಗೊತ್ತಿಲ್ಲ. ನಾನ್ ಮಾಡ್ತಿರಾದು ಸರಿಯೋ ತಪ್ಪೋ ಅದೂ ಗೊತ್ತಿಲ್ಲ. ಒಂದೇ ಗೊತ್ತಿರಾದು." ಅವಳು ಯಾರ ಮುಖವನ್ನೂ ನೋಡಲಿಲ್ಲ. ನೆಲ ನೋಡಿಕೊಂಡೇ ಹೇಳಿದಳು. "ಯಾರ್ ಮನೇಲಾರ ಕೊಟ್ಗೇಲಿ ಈ ವಾಸ್ನೆ ಬಂದ್ರೆ ಕೂಗ್ಬೇಡಿ. ಕೋಲ್ ಎತ್ಬೇಡಿ. ಅಟ್ಟುಸ್ಕೊಂಡ್ ಓಗ್ಬೇಡಿ. ಗಾಬ್ರಿಗೇ ಜೀವ ಓಯ್ತದೆ. ಬಾಗ್ಲು ತೆಗ್ದು ಮೆತ್ತಗೆ ಪಕ್ಕದಲ್ ಕೂತ್ಕಳಿ, ಸ್ನೇಹನ ಕರೀರಿ."

ಯಾರೂ ನಗಲಿಲ್ಲ. ಮಂಜುನಾಥ ಅವಳ ಕ್ಯಾನಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಂತಿದ್ದ.

ಸಾಲಿನ ಮಧ್ಯದಲ್ಲಿ ಚಿಕ್ಕಬೋರಮ್ಮ ತನ್ನ ಹೊಸ ಕ್ಯಾನನ್ನು ನೆಲಕ್ಕಿಟ್ಟಳು. ಮುಚ್ಚಳ ತೆಗೆದಳು. ಬಗ್ಗಿ ಮೂಸಿದಳು. ತಲೆ ಎತ್ತಲಿಲ್ಲ. ಮತ್ತೊಮ್ಮೆ ಮೂಸಿದಳು.

ಆಮೇಲೆ ಕ್ಯಾನನ್ನು ಅಲ್ಲೇ ಬಿಟ್ಟು ಎದ್ದಳು. ಬೀದಿಗಿಳಿದು ಮನೆಯ ಕಡೆ ಓಡಲು ಎತ್ತಿದ ಹೆಜ್ಜೆಯನ್ನು ತಡೆದು, ಮೆಲ್ಲಗೆ, ಸದ್ದಾಗದಂತೆ ನಡೆಯತೊಡಗಿದಳು.